ಹೊಗೆ, ಎಣ್ಣೆ, ಬಣ್ಣ: ಬಾಗಲಕೋಟೆ ಸೀಮೆಯ ಮನೆಗಟ್ಟಿಗೆಯ ಮೇಲೆ ಕಾಲದ ಪದರುಗಳು

ಹೊಸ ಕಪಾಟಿಗೆ ಬಣ್ಣ ಬಳಿದು, ಅಂಚುಗಳನ್ನು ಬೇಕೆಂದೇ ತಿಕ್ಕಿ ಸವೆಸಿ, ಮೇಲೆ ಕಂದು ಮೇಣ ಒರೆಸಿ, ಮೂರು ತಲೆಮಾರು ಬಳಸಿದ ಸಾಮಾನಿನಂತೆ ಕಾಣುವ ಹಾಗೆ ಮಾಡುವ ಕೆಲಸ ಇಂದು ಒಳಾಂಗಣ ವಿನ್ಯಾಸದ ಒಂದು ಸ್ವತಂತ್ರ ಶಾಖೆಯಾಗಿ ಬೆಳೆದಿದೆ. ‘ವಿಂಟೇಜ್ ಫಿನಿಶ್’ ಎಂಬ ಹೆಸರಿನಲ್ಲಿ ಅದು ಕರ್ನಾಟಕದ ನಗರಗಳ ಅಡುಗೆಮನೆಗಳಿಗೂ ಬಂದಿದ್ದು, ಆ ನೋಟದ ಮಾದರಿಯನ್ನು ಹುಡುಕುವವರು ಸಾಮಾನ್ಯವಾಗಿ ಇಂಗ್ಲೆಂಡ್, ಫ್ರಾನ್ಸ್‌ಗಳ ಹಳ್ಳಿಮನೆಗಳ ಕಡೆಗೆ ಕಣ್ಣು ಹಾಯಿಸುತ್ತಾರೆ. ಆದರೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಬಾಗಲಕೋಟೆ ಸೀಮೆಯಲ್ಲಿ ಮನೆಯ ಕಟ್ಟಿಗೆಯ ಮೇಲೆ ಕಾಲವೇ ಕೂಡಿಸಿದ ಬಣ್ಣಕ್ಕೆ ತನ್ನದೇ ಆದ ಚರಿತ್ರೆಯಿದೆ. ಒಲೆಯ ಹೊಗೆ, ಗಾಣದ ಎಣ್ಣೆ, ನೆಲದಿಂದ ಅಗೆದ ಮಣ್ಣು, ಆಮೇಲೆ ರೈಲಿನಲ್ಲಿ ಬಂದ ತಗಡಿನ ಡಬ್ಬಿಯ ಬಣ್ಣ ಹೀಗೆ ಒಂದರ ಮೇಲೊಂದು ಕೂತ ಆ ಪದರುಗಳು ಒಂದು ಸೀಮೆಯ ಊಟ, ಉರುವಲು, ವ್ಯಾಪಾರ, ಹಬ್ಬಗಳ ಕುರುಹನ್ನು ಹೊತ್ತಿವೆ. ಆ ಕುರುಹುಗಳ ಬಹುಪಾಲು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಕಾರಣದಿಂದ ಕೆಲವೇ ವರ್ಷಗಳಲ್ಲಿ ಚೆದುರಿಹೋದುದರಿಂದ ಈ ಚರಿತ್ರೆಯನ್ನು ಬರೆದಿಡುವ ಅಗತ್ಯ ಇನ್ನಷ್ಟು ಹೆಚ್ಚಿದೆ.

ಈ ಸೀಮೆ ಕಟ್ಟಿಗೆಯ ಸೀಮೆಯಲ್ಲ, ಕಲ್ಲಿನ ಸೀಮೆ. ಮಳೆ ಕಡಿಮೆ, ಕಾಡು ವಿರಳ. ದೊಡ್ಡ ತೊಲೆಗೆ ಒದಗುವ ತೇಗ ಬೇಕಾದರೆ ನೈಋತ್ಯಕ್ಕೆ ಹಳಿಯಾಳ, ದಾಂಡೇಲಿಗಳ ಕಾಡಿನತ್ತ ನೋಡಬೇಕು. ಹಾಗಿದ್ದರೂ ಇಲ್ಲಿಯ ಅತ್ಯಂತ ಹಳೆಯ ಕಟ್ಟಡಗಳು ಕಲ್ಲಿನಲ್ಲಿ ಕಟ್ಟಿಗೆಯ ನೆನಪನ್ನು ಉಳಿಸಿಕೊಂಡಿರುವುದು ಗಮನಿಸಬೇಕಾದ ಸಂಗತಿ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿರುವ ಲಾಡಖಾನ್ ಗುಡಿಯನ್ನು ಹಿಂದಿನ ವಿದ್ವಾಂಸರು 5ನೆಯ ಶತಮಾನದ್ದೆಂದು ಎಣಿಸಿದ್ದರು, ಈಚಿನವರು 7ನೆಯ ಶತಮಾನದ ಕೊನೆ ಅಥವಾ 8ನೆಯ ಶತಮಾನಕ್ಕೆ ತರುತ್ತಾರೆ. ಅದರ ಇಳಿಜಾರು ಮಾಳಿಗೆಯ ಹಾಸುಗಲ್ಲುಗಳ ಸಂದುಗಳ ಮೇಲೆ ಮರದ ದಿಮ್ಮಿಗಳಂತೆ ಕಾಣುವ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಇರಿಸಲಾಗಿದ್ದು, ಕಲ್ಲುಕುಟಿಗರು ಬಡಿಗರ ರೀತಿಯನ್ನು ಬಲ್ಲವರಾಗಿದ್ದರೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಈ ಕಟ್ಟಿಗೆಯ ನೆನಪಿನ ಜೊತೆಗೆ ಬಣ್ಣವೂ ಸೇರಿಕೊಳ್ಳುತ್ತದೆ. ಶಕ 500, ಅಂದರೆ ಕ್ರಿ.ಶ. 578ರಲ್ಲಿ, ಚಾಲುಕ್ಯ ಮಂಗಲೇಶನ ಶಾಸನದೊಂದಿಗೆ ವಿಷ್ಣುವಿಗೆ ಅರ್ಪಿತವಾದ ಈ ಗುಹೆಯ ಸೂರು ಮರದ ತೊಲೆಗಳ ವಿನ್ಯಾಸವನ್ನೇ ಅನುಸರಿಸುತ್ತದೆ. ಕಂಬಗಳ ಮೇಲ್ಭಾಗದಲ್ಲಿ ಮಾಡನ್ನು ಆತುಕೊಂಡಿರುವ ಮಿಥುನ ಶಿಲ್ಪಗಳು ಮನೆಯ ಬೋದಿಗೆಯ, ಎಂದರೆ ಕಂಬಕ್ಕೂ ತೊಲೆಗೂ ನಡುವೆ ಕೂಡಿಸುವ ಆಧಾರದ, ಸ್ಥಾನದಲ್ಲಿ ನಿಂತಿವೆ. ಮುಂಚಾಚಿದ ಸೂರಿನ ಒಳಬಾಗಿನಲ್ಲಿ ತೆಳು ಲೇಪದ ಮೇಲೆ ಬರೆದ ವರ್ಣಚಿತ್ರಗಳ ಅವಶೇಷಗಳನ್ನು ಸ್ಟೆಲ್ಲಾ ಕ್ರಾಮ್ರಿಶ್ 1936ರಲ್ಲಿ ಪ್ರಕಟಿಸಿದ ಬಳಿಕ ಅವು ವಿದ್ವತ್‌ಲೋಕದ ಗಮನಕ್ಕೆ ಬಂದವು. ಬಣ್ಣ ಉದುರಿ, ಮಂಕಾಗಿ, ಕಲ್ಲಿನ ಕೆಂಪಿನೊಡನೆ ಬೆರೆತುಹೋಗಿರುವ ಆ ಚಿತ್ರಗಳನ್ನು ನೋಡುವವರಿಗೆ ಚಾಲುಕ್ಯರ ಕಾಲದ ಕಟ್ಟಡ ಇಂದಿನಂತೆ ಬರಿಗಲ್ಲಿನದಾಗಿರಲಿಲ್ಲವೆಂಬುದು ತಿಳಿಯುತ್ತದೆ. ಲೇಪ, ಅದರ ಮೇಲೆ ಮಣ್ಣುಬಣ್ಣ, ಅದರ ಮೇಲೆ ಕಾಲ ಎಂಬ ಕ್ರಮ ಈ ನೆಲದಲ್ಲಿ ಅಷ್ಟು ಹಿಂದಿನದು.

ಗುಡಿಗಳಿಂದ ಮನೆಗಳ ಕಡೆಗೆ ಬಂದರೆ ಇಷ್ಟು ಹಳೆಯ ಸಾಕ್ಷ್ಯ ಸಿಗುವುದಿಲ್ಲ, ಏಕೆಂದರೆ ಮನೆಯ ಕಟ್ಟಿಗೆ ಗೆದ್ದಲಿಗೂ ಬೆಂಕಿಗೂ ಮರುಬಳಕೆಗೂ ಒಳಗಾಗುವ ವಸ್ತು. ನೋಡಲು ಸಿಗುವ ಮಾದರಿ ಕಳೆದ ಎರಡು ಮೂರು ಶತಮಾನಗಳ ಮಾಳಿಗೆಮನೆಯದು. ಕಲ್ಲು ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳು, ಜಂತಿಯ ಮೇಲೆ ಹಲಗೆ ಅಥವಾ ಕಡ್ಡಿಗಳನ್ನು ಹರಡಿ ದಪ್ಪನಾಗಿ ಮಣ್ಣು ಬಡಿದ ಮೇಲ್ಮುದ್ದೆ, ಆ ಮಣ್ಣಿನ ನಡುವೆ ಬೆಳಕು ಬರಲು, ಹೊಗೆ ಹೋಗಲು ಬಿಟ್ಟ ಬೆಳಕಿಂಡಿ, ಇಷ್ಟು ಸೇರಿದರೆ ಆ ಮನೆಯ ಒಡಲು. ಉಳ್ಳವರು ತೇಗವನ್ನು ತರಿಸಿದರು. ಉಳಿದವರಿಗೆ ಹೊಲದ ಬದುವಿನ ಬೇವು, ಜಾಲಿ, ಹುಣಸೆಗಳೇ ಆಧಾರವಾದವು. ಅಡುಗೆಮನೆಯಲ್ಲಿ ಇಂದಿನ ಅರ್ಥದ ಕಪಾಟುಗಳು ಇರಲಿಲ್ಲ. ಗೋಡೆಯ ದಪ್ಪದಲ್ಲಿಯೇ ಬಿಟ್ಟ ಮಾಡಗಳು, ಗೋಡೆಯಿಂದ ಚಾಚಿದ ಕೊಂಡಿಗಳ ಮೇಲೆ ಹಲಗೆ ಹಾಸಿದ ನಾಗೊಂದಿಗೆಗಳು, ದೊಡ್ಡ ಮಾಡಕ್ಕೆ ಚೌಕಟ್ಟು ಕೂಡಿಸಿ ಎರಡು ಕದ ಹಚ್ಚಿದಾಗ ಆಗುವ ಗೋಡೆಕಪಾಟು, ಇವೇ ಸಾಮಾನು ಇಡುವ ಜಾಗಗಳು. ಹಾಲು, ಬೆಣ್ಣೆ, ತುಪ್ಪ ಬೆಕ್ಕಿಗೆ ಸಿಗದಂತೆ ಕದ ಇದ್ದ ಕಪಾಟಿನಲ್ಲಿ ಇರುತ್ತಿದ್ದವು, ಕಾಳುಕಡಿ ನಾಗೊಂದಿಗೆಯ ಮೇಲಿನ ಗಡಿಗೆ ಡಬ್ಬಿಗಳಲ್ಲಿ ಇರುತ್ತಿದ್ದವು.

ಈ ಅಡುಗೆಮನೆಯ ಕಟ್ಟಿಗೆಗೆ ಬಂದ ಮೊದಲ ಬಣ್ಣ ಯಾರೂ ಬಳಿದದ್ದಲ್ಲ. ಮರ ವಿರಳವಾದ ಸೀಮೆಯಲ್ಲಿ ಒಲೆಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜಾಲಿಯ ಕೊರಡು, ಕುಳ್ಳು ಅಂದರೆ ಸೆಗಣಿಯ ಬೆರಣಿ ಉರುವಲಾದವು. ಇವು ಉರಿಯುವಾಗ ಏಳುವ ಹೊಗೆಯಲ್ಲಿ ಬರಿಯ ಇಂಗಾಲದ ಪುಡಿ ಮಾತ್ರ ಇರುವುದಿಲ್ಲ. ಕಟ್ಟಿಗೆ ಅರೆಬರೆ ಸುಟ್ಟಾಗ ಹೊರಡುವ ಡಾಂಬರಿನಂಥ ಅಂಟುದ್ರವ್ಯಗಳೂ ಫೀನಾಲ್ ಎಂಬ ಸಂಯುಕ್ತಗಳೂ ಅದರಲ್ಲಿ ಸೇರಿದ್ದು, ಅವು ತಣ್ಣನೆಯ ಜಂತಿಗೆ ತಗುಲಿದೊಡನೆ ಅಲ್ಲಿಯೇ ಕೂಡುತ್ತವೆ. ಸೂರಿನಿಂದ ಎಳೆಎಳೆಯಾಗಿ ಇಳಿಬೀಳುವ ಮಸಿಗೆ ಕನ್ನಡದಲ್ಲಿ ಇಲ್ಲಣ ಎಂಬ ಹೆಸರಿದೆ. ಹಬ್ಬಕ್ಕೆ ಮುಂಚೆ ಉದ್ದನೆಯ ಗಳಕ್ಕೆ ಕಸಬರಿಗೆ ಕಟ್ಟಿ ಇಲ್ಲಣವನ್ನು ತೆಗೆಯುತ್ತಿದ್ದರೂ, ಕಟ್ಟಿಗೆಯೊಳಗೆ ಇಳಿದ ಅಂಟಿನ ಭಾಗ ಹೋಗುತ್ತಿರಲಿಲ್ಲ. ಅದು ವರ್ಷದಿಂದ ವರ್ಷಕ್ಕೆ ದಪ್ಪವಾಗಿ, ಮೊದಲು ಜೇನುಬಣ್ಣ, ಆಮೇಲೆ ಕಂದು, ಕೊನೆಗೆ ಹೊಳಪಿರುವ ಕಪ್ಪಾಗಿ ನಿಲ್ಲುತ್ತಿತ್ತು. ಹೊಗೆಯ ಫೀನಾಲ್‌ಗಳು ಹುಳುವಿಗೂ ಬೂಷ್ಟಿಗೂ ಒಗ್ಗದವಾದುದರಿಂದ ಈ ಲೇಪ ಕಟ್ಟಿಗೆಗೆ ರಕ್ಷೆಯೂ ಆಯಿತು.

ಎರಡನೆಯ ದ್ರವ್ಯ ಎಣ್ಣೆ, ಮತ್ತು ಇಲ್ಲಿ ಬಾಗಲಕೋಟೆ ಸೀಮೆಯ ವಿಶೇಷ ಎದ್ದು ಕಾಣುತ್ತದೆ. ಎಣ್ಣೆಗಳಲ್ಲಿ ಒಣಗುವ ಎಣ್ಣೆ, ಒಣಗದ ಎಣ್ಣೆ ಎಂಬ ಎರಡು ಬಗೆಗಳಿವೆ. ಇಲ್ಲಿ ಒಣಗುವುದೆಂದರೆ ನೀರಿನಂತೆ ಆವಿಯಾಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ದ್ರವವಾಗಿದ್ದದ್ದು ಗಟ್ಟಿಯಾದ ಪೊರೆಯಾಗುವುದು. ಯಾವ ಎಣ್ಣೆ ಎಷ್ಟು ಒಣಗುತ್ತದೆಂಬುದನ್ನು ಅಳೆಯಲು ರಸಾಯನಶಾಸ್ತ್ರಜ್ಞರು ಅಯೋಡಿನ್ ಮೌಲ್ಯ ಎಂಬ ಅಳತೆಯನ್ನು ಬಳಸುತ್ತಾರೆ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬುದೇ ಆ ಸಂಖ್ಯೆ. ಶೇಂಗಾ ಎಣ್ಣೆಯಲ್ಲಿ ಅದು 85ರಿಂದ 105ರ ಆಸುಪಾಸಿನಲ್ಲಿರುವುದರಿಂದ ಅದು ಒಣಗುವುದಿಲ್ಲ. ಅಗಸೆ ಎಣ್ಣೆಯಲ್ಲಿ 170ನ್ನು ದಾಟುವುದರಿಂದ ಅದು ಜಗತ್ತಿನಾದ್ಯಂತ ಬಣ್ಣ, ವಾರ್ನಿಷುಗಳ ಮೂಲದ್ರವ್ಯವಾಯಿತು. ಕುಸುಬೆ ಎಣ್ಣೆ ಇವೆರಡರ ನಡುವೆ, 140ರಿಂದ 150ರ ಹತ್ತಿರ, ನಿಲ್ಲುತ್ತದೆ. ಅದೂ ಸಾಕಷ್ಟು ಚೆನ್ನಾಗಿ ಪೊರೆ ಕಟ್ಟುತ್ತದೆ. ಹಿಂಗಾರಿನ ಬಿಳಿಜೋಳದ ಹೊಲಗಳಲ್ಲಿ ಕುಸುಬೆಯನ್ನೂ ಅಗಸೆಯನ್ನೂ ಬೆಳೆದು, ಗಾಣಿಗರ ಗಾಣದಲ್ಲಿ ಹಿಂಡಿಸಿದ ಕುಸುಬೆ ಎಣ್ಣೆಯಲ್ಲಿ ಒಗ್ಗರಣೆ ಹಾಕಿದ ಸೀಮೆ ಇದು. ಬಾಣಲೆಯಿಂದ ಎದ್ದ ಎಣ್ಣೆಯ ಸೂಕ್ಷ್ಮ ಹನಿಗಳು ನಾಗೊಂದಿಗೆಯ ಅಡಿಭಾಗಕ್ಕೂ ಕಪಾಟಿನ ಕದಕ್ಕೂ ತಗುಲಿ, ಅಲ್ಲಿದ್ದ ಮಸಿಯನ್ನು ತಮ್ಮೊಳಗೆ ಹಿಡಿದುಕೊಂಡು ಗಟ್ಟಿಯಾದಾಗ, ಚಿತ್ರಕಾರನೊಬ್ಬ ಮಸಿಯನ್ನು ಎಣ್ಣೆಯಲ್ಲಿ ಅರೆದು ಕಪ್ಪು ಬಣ್ಣ ಮಾಡುವ ಕ್ರಿಯೆಯೇ ಅಡುಗೆಮನೆಯಲ್ಲಿ ತಾನಾಗಿ ನಡೆದಂತಾಗುತ್ತದೆ. ಯುರೋಪಿನ ಚಿತ್ರಕಾರರು ಬಿಳಿಯ ಬಣ್ಣಕ್ಕೆ ಅಗಸೆಯ ಬದಲು ಕುಸುಬೆ ಎಣ್ಣೆಯನ್ನು ಆರಿಸುತ್ತಾರೆ, ಏಕೆಂದರೆ ಅದು ಕಾಲಕ್ರಮದಲ್ಲಿ ಅಗಸೆಯಷ್ಟು ಹಳದಿಯಾಗುವುದಿಲ್ಲ. ಅದೇ ಎಣ್ಣೆ ಬಾಗಲಕೋಟೆಯ ಅಡುಗೆಮನೆಯಲ್ಲಿ ಕಪ್ಪು ಹೊಳಪಿನ ಬಂಧಕವಾಯಿತೆಂಬುದು ಈ ಚರಿತ್ರೆಯ ಸುಂದರವಾದ ಭಾಗ.

ಎಣ್ಣೆ ಕೇವಲ ಆಕಸ್ಮಿಕವಾಗಿ ತಗುಲಿದ್ದೂ ಅಲ್ಲ. ಬಾಗಿಲು, ಕಂಬ, ತೊಟ್ಟಿಲು, ಬಂಡಿಗಳಿಗೆ ಬಟ್ಟೆಯ ಚಿಂದಿಯಿಂದ ಎಣ್ಣೆ ಒರೆಸುವುದು ಮನೆವಾರ್ತೆಯ ಕೆಲಸಗಳಲ್ಲಿ ಒಂದಾಗಿತ್ತು. ತಲೆಬಾಗಿಲ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುವ ನಿತ್ಯದ ಆಚಾರವೂ ಸೇರಿ, ಹೊಸ್ತಿಲಿನ ಕಟ್ಟಿಗೆಯಲ್ಲಿ ಹಳದಿ, ಕೆಂಪು, ಎಣ್ಣೆ, ಧೂಳು ಬೆರೆತ ಒಂದು ದಪ್ಪ ಪೊರೆ ಬೆಳೆಯುತ್ತಿತ್ತು. ಅದನ್ನು ಯಾವ ಬಣ್ಣಗಾರನೂ ಒಂದು ವಾರದಲ್ಲಿ ತರಲಾರ.

ಗೋಡೆಗೂ ಕಟ್ಟಿಗೆಗೂ ಬೇಕೆಂದು ಬಳಿದ ಬಣ್ಣಗಳ ಪಟ್ಟಿ ಚಿಕ್ಕದು. ಸುಣ್ಣ, ಕೆಮ್ಮಣ್ಣು, ಉತ್ತರ ಕರ್ನಾಟಕದಲ್ಲಿ ಹುರಮಂಜು ಎಂದು ಕರೆಯುವ ಕೆಂಗಂದು ಮಣ್ಣು, ಮಸಿ, ನೀಲಿ. ಮಣ್ಣುಬಣ್ಣಗಳಲ್ಲಿ ಕೆಂಪನ್ನು ಕೊಡುವುದು ಕಬ್ಬಿಣದ ಆಕ್ಸೈಡ್. ಅದು ಬಿಸಿಲಿಗೂ ಸುಣ್ಣಕ್ಕೂ ಹೊಗೆಗೂ ಕೆಡದ ವಸ್ತುವಾದುದರಿಂದಲೇ ಬಾದಾಮಿಯ ಗುಹೆಯಲ್ಲಿ ಉಳಿದಿರುವ ಬಣ್ಣಗಳಲ್ಲಿ ಕೆಂಪು ಕಂದುಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ನೀಲಿಯ ಕಥೆ ಬೇರೆ. ಸುಣ್ಣದಲ್ಲಿ ನೀಲಿ ಬೆರೆಸಿ ಗೋಡೆಗೆ ತಿಳಿನೀಲಿ ಬಳಿಯುವ ರೂಢಿ ಈ ಭಾಗದ ಹಳ್ಳಿಗಳಲ್ಲಿ ಹರಡಿದ್ದು, ಅದಕ್ಕೆ ಬಳಸಿದ ಬಟ್ಟೆನೀಲಿಯ ಹಿಂದೆ 1820ರ ದಶಕದಲ್ಲಿ ಫ್ರಾನ್ಸಿನ ಜಾಂ ಬಾಪ್ತಿಸ್ತ್ ಗಿಮೆ ಕಂಡುಹಿಡಿದ ಕೃತಕ ಅಲ್ಟ್ರಾಮರೀನ್ ಇದೆ. ಅದಕ್ಕಿಂತ ಮುಂಚೆ ಚಿನ್ನದಷ್ಟು ಬೆಲೆಬಾಳುವ ಲಾಜವರ್ದ ಕಲ್ಲಿನಿಂದ ತೆಗೆಯುತ್ತಿದ್ದ ಬಣ್ಣ, ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಾಗತೊಡಗಿ, ಬಟ್ಟೆ ಬಿಳುಪು ಮಾಡುವ ಪುಡಿಯ ರೂಪದಲ್ಲಿ ಕಿರಾಣಿ ಅಂಗಡಿಗೆ ಬಂತು, ಅಲ್ಲಿಂದ ಗೋಡೆಗೆ ಏರಿತು. ಗೋಡೆಯ ಸುಣ್ಣದ ನೀಲಿ ಪಕ್ಕದ ಚೌಕಟ್ಟಿನ ಅಂಚಿಗೂ ತಗುಲುತ್ತಿದ್ದುದರಿಂದ ಹಳೆಯ ಗೋಡೆಕಪಾಟುಗಳ ಅಂಚಿನಲ್ಲಿ ಸುಣ್ಣದ ಬಿಳಿ ನೀಲಿ ಪದರುಗಳು ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಕೂತಿರುವುದುಂಟು.

ಕಟ್ಟಿಗೆಯ ಮೇಲೆ ಪದರು ಪದರಾಗಿ ಬಣ್ಣ ಕೂಡಿಸುವ ಕಲೆಯನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದವರು ನೆರೆಯ ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು. ವಿಜಯನಗರದ ಕಾಲದ ಪರಂಪರೆಯನ್ನು ಹೇಳಿಕೊಳ್ಳುವ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಈ ಕಲೆಯಲ್ಲಿ ಹಗುರ ಮರದ ತುಂಡುಗಳನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸಿ, ಗೋಣಿನಾರನ್ನು ನೆನೆಸಿ ಒಣಗಿಸಿ ಪುಡಿ ಮಾಡಿ ಮರದ ಹೊಟ್ಟಿನೊಡನೆ ಹುಣಸೆಬೀಜದ ಸರಿಯಲ್ಲಿ ಕಲಸಿದ ‘ಕಿಟ್ಟ’ ಎಂಬ ಮುದ್ದೆಯನ್ನು ಇಡೀ ಮೈಗೆ ಹಚ್ಚುತ್ತಾರೆ; ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸಿ, ನುಣ್ಣಗೆ ಅರೆದ ಬೆಣಚುಕಲ್ಲಿನ ಲೇಪ ಕೊಟ್ಟು, ಆಮೇಲಷ್ಟೇ ಬಣ್ಣಕ್ಕೆ ಕೈ ಹಾಕುತ್ತಾರೆ. ಒಡವೆಗಳಿಗೆ ಬಂಗಾರದ ಕಾಂತಿ ಬೇಕಾದಾಗ ತವರದಿಂದ ಸಿದ್ಧಪಡಿಸಿದ ದ್ರವವನ್ನು ಹಚ್ಚುವ ಲಾಜವರ ಎಂಬ ವಿಧಾನವಿದೆ. ಇಂದಿನ ಹಳೆಗಾಲದ ನೋಟದ ಕಪಾಟಿಗೆ ಬಣ್ಣಗಾರರು ಪುಟ್ಟಿ, ಪ್ರೈಮರ್, ಬಣ್ಣ, ಮೇಣ ಎಂದು ಯಾವ ಕ್ರಮವನ್ನು ಹೇಳುತ್ತಾರೋ ಅದರ ತರ್ಕವೆಲ್ಲ ಕಿನ್ನಾಳದ ಕೆಲಸದಲ್ಲಿ ಇದೆ. ಕಟ್ಟಿಗೆಯ ಹೊಳ್ಳೆಗಳನ್ನು ಮುಚ್ಚುವ ಪದರು ಬೇರೆ, ಬಣ್ಣವನ್ನು ಹಿಡಿಯುವ ಪದರು ಬೇರೆ, ಕಣ್ಣಿಗೆ ಕಾಣುವ ಪದರು ಬೇರೆ ಎಂಬ ತಿಳಿವಳಿಕೆಯೇ ಎರಡಕ್ಕೂ ಆಧಾರ. ಅರಮನೆಗಳ ಮಟ್ಟದಲ್ಲಿ ಇದೇ ಸೀಮೆಯನ್ನು ಆಳಿದ ಆದಿಲ್‌ಶಾಹಿಗಳ ವಿಜಯಪುರದಲ್ಲಿ, 17ನೆಯ ಶತಮಾನದ ಮುಹಮ್ಮದ್ ಆದಿಲ್ ಶಾಹನ ಕಾಲದ ಅಸರ್ ಮಹಲು, ಭಾರಿ ಮರದ ಕಂಬಗಳಿಗೂ ಚಿತ್ರಿಸಿದ ಒಳಕೋಣೆಗಳಿಗೂ ಹೆಸರಾಗಿದೆ.

ಡಬ್ಬಿಯ ಬಣ್ಣಕ್ಕೆ ಹಾದಿ ಮಾಡಿಕೊಟ್ಟದ್ದು ರೈಲು. 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಮೀಟರ್‌ಗೇಜ್ ಮಾರ್ಗ ತೆರೆದುಕೊಂಡಿತು, ಬಾಗಲಕೋಟೆ ಆ ಮಾರ್ಗದ ನಿಲ್ದಾಣವಾಯಿತು. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಪಟ್ಟಣದ ವ್ಯಾಪಾರ ಮುಂಬಯಿಯ ಕಡೆಗೇ ಮುಖ ಮಾಡಿತ್ತು. ಹತ್ತಿ, ಕಾಳು, ನೇಯ್ದ ಬಟ್ಟೆ ಹೊರಹೋದ ಹಾದಿಯಲ್ಲಿಯೇ ಗಾಜು, ಬಿಜಾಗರಿ, ಕಬ್ಬಿಣದ ಸರಳು, ಡಬ್ಬಿಯ ಬಣ್ಣ ಒಳಬಂದವು. ಭಾರತದಲ್ಲಿ ಬಣ್ಣದ ಕಾರ್ಖಾನೆಗಳು 20ನೆಯ ಶತಮಾನದ ಮೊದಲರ್ಧದಲ್ಲಿ ಹುಟ್ಟಿದವು: 1902ರಲ್ಲಿ ಹೌರಾದಲ್ಲಿ ಶಾಲಿಮಾರ್, 1920ರಲ್ಲಿ ಮುಂಬಯಿಯ ಲೋವರ್ ಪರೇಲಿನಲ್ಲಿ ಮುಂದೆ ನೆರೊಲ್ಯಾಕ್ ಆದ ಗಹಗನ್ ಪೇಂಟ್ಸ್, 1942ರಲ್ಲಿ ಮುಂಬಯಿಯಲ್ಲಿಯೇ ಏಷಿಯನ್ ಪೇಂಟ್ಸ್. ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷಿಯನ್ ಪೇಂಟ್ಸ್‌ಗೆ ಬರೆದುಕೊಟ್ಟ ಗಟ್ಟು ಎಂಬ ತುಂಟ ಹುಡುಗ ಕೈಯಲ್ಲಿ ಬಣ್ಣದ ಡಬ್ಬಿ, ಕುಂಚ ಹಿಡಿದು ಸಣ್ಣ ಊರುಗಳ ಅಂಗಡಿಯ ಗೋಡೆಗಳವರೆಗೂ ತಲುಪಿದಾಗ, ಎಣ್ಣೆಬಣ್ಣ ಸಿರಿವಂತರ ಮನೆಯ ವಸ್ತುವಾಗಿ ಉಳಿದಿರಲಿಲ್ಲ. ಉತ್ತರ ಕರ್ನಾಟಕದ ಬಾಗಿಲುಗಳ ಮೇಲೆ ಇಂದಿಗೂ ಕಾಣುವ ದಟ್ಟ ಹಸಿರು, ಆಕಾಶನೀಲಿ ಬಣ್ಣಗಳು ಈ ಡಬ್ಬಿಯ ಬಣ್ಣದ ಕಾಲದವು. ಹೊಗೆಯಿಂದ ಕಪ್ಪಾಗಿದ್ದ ಬಾಗಿಲು ಕಪಾಟುಗಳ ಮೇಲೆ ನೇರವಾಗಿ ಹಸಿರು ಬಳಿದಾಗ, ಅಡಿಯ ಜಿಡ್ಡಿನ ಮೇಲೆ ಅದು ಸರಿಯಾಗಿ ಕೂಡದೆ, ಕೆಲವೇ ವರ್ಷಗಳಲ್ಲಿ ಹಕ್ಕಳೆಯೇಳುತ್ತಿತ್ತು. ಮತ್ತೊಂದು ಹಬ್ಬಕ್ಕೆ ಅದರ ಮೇಲೆ ಇನ್ನೊಂದು ಕೈ ಬಣ್ಣ ಬೀಳುತ್ತಿತ್ತು. ಮನೆಯಲ್ಲಿ ಮದುವೆ ನಿಶ್ಚಯವಾದಾಗ, ನಾಡಹಬ್ಬಕ್ಕೋ ದೀಪಾವಳಿಗೋ ಸುಣ್ಣಬಣ್ಣ ಮಾಡಿಸುವ ರೂಢಿಯಿಂದಾಗಿ ಕಪಾಟಿನ ಪದರುಗಳಿಗೂ ಕುಟುಂಬದ ಘಟನೆಗಳಿಗೂ ಸಂಬಂಧ ಬೆಳೆಯಿತು.

ಇಂಥ ಒಂದು ಗೋಡೆಕಪಾಟಿನ ಕದವನ್ನು ಹತ್ತಿರದಿಂದ ನೋಡಿದರೆ ಅದರ ಸವೆತ ಎಲ್ಲೆಡೆ ಒಂದೇ ರೀತಿ ಇಲ್ಲವೆಂಬುದು ಮೊದಲು ಕಾಣುತ್ತದೆ. ಚಿಲಕದ ಸುತ್ತ ಅಂಗೈಯಷ್ಟು ಜಾಗದಲ್ಲಿ ಬಣ್ಣವೆಲ್ಲ ಹೋಗಿ, ಕಟ್ಟಿಗೆ ಕೈಯ ಜಿಡ್ಡಿನಿಂದ ನುಣುಪಾಗಿ ಹೊಳೆಯುತ್ತದೆ. ಆ ಬೋಳು ಜಾಗದ ಅಂಚಿನಲ್ಲಿ ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಗಂದು, ಅದರ ಕೆಳಗೆ ಹೊಗೆಯ ಕಪ್ಪು ಸುತ್ತುಸುತ್ತಾಗಿ ತೆರೆದುಕೊಂಡಿರುತ್ತವೆ. ಬಲಗೈಯಿಂದ ತೆರೆಯುವ ಕದದ ಸವೆತ ಇನ್ನೊಂದಕ್ಕಿಂತ ಹೆಚ್ಚು. ಕದದ ಕೆಳಗಿನ ಅಂಚು, ನೆಲ ಸಾರಿಸುವಾಗ ತಾಗಿದ ನೀರಿನಿಂದ, ನಾರುನಾರಾಗಿ ಬಿರಿದು ಬೂದಿಬಣ್ಣಕ್ಕೆ ತಿರುಗಿರುತ್ತದೆ. ಒಲೆಯ ಕಡೆಗಿನ ಅರ್ಧದಲ್ಲಿ ಬಣ್ಣ ಹಳದಿಗೂಡಿ ಮಂಕಾಗಿದ್ದರೆ, ಬೆಳಕಿಂಡಿಯ ಕೆಳಗೆ ಬಿಸಿಲಿನ ಪಟ್ಟಿ ಬೀಳುವ ಭಾಗದಲ್ಲಿ ಅದು ತಿಳಿಯಾಗಿ, ಬೆರಳಿನಿಂದ ಒರೆಸಿದರೆ ಸುಣ್ಣದಂತೆ ಪುಡಿ ಹತ್ತುತ್ತದೆ. ಕೆತ್ತನೆಯ ಗುಳಿಗಳಲ್ಲಿ ಬಣ್ಣ ದಪ್ಪವಾಗಿ ಉಳಿದಿದ್ದು, ಉಬ್ಬುಗಳ ಮೇಲೆ ಇಲ್ಲವಾಗಿರುತ್ತದೆ.

ಈ ಪ್ರತಿಯೊಂದು ವ್ಯತ್ಯಾಸಕ್ಕೂ ಕಾರಣವಿದೆ. ಅಗಸೆ ಎಣ್ಣೆಯ ಪೊರೆ ಕತ್ತಲಲ್ಲಿ ಹಳದಿಯಾಗುತ್ತದೆ, ಬೆಳಕಿಗೆ ಬಂದರೆ ಮತ್ತೆ ತಿಳಿಯಾಗುತ್ತದೆ. ಆದುದರಿಂದ ಅಡುಗೆಮನೆಯ ಮೂಲೆಯ ಕಪಾಟಿನ ಬಿಳಿ, ಪಡಸಾಲೆಯ ಬಿಳಿಗಿಂತ ಬೇಗ ಬೆಣ್ಣೆಯ ಬಣ್ಣಕ್ಕೆ ಬರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಬಣ್ಣವನ್ನು ಹಿಡಿದಿಟ್ಟ ಬಂಧಕವನ್ನೇ ಒಡೆಯುವುದರಿಂದ ಬಣ್ಣದ ಪುಡಿ ಮೇಲ್ಮೈಯಲ್ಲಿ ಸಡಿಲವಾಗುತ್ತದೆ. ಸೀಸದಿಂದ ಮಾಡಿದ ಬಿಳಿ ಬಣ್ಣ ಗಂಧಕದ ಅಂಶವಿರುವ ಹೊಗೆಗೆ ಕಪ್ಪಾಗುತ್ತದೆ. ಮೈತುಂಬ ಹರಡುವ ಬಿರುಕುಗಳು ಹುಟ್ಟುವುದು, ಅಡಿಯ ಪದರು ಇನ್ನೂ ಮೆತ್ತಗಿರುವಾಗಲೇ ಮೇಲಿನ ಪದರು ಬೇಗ ಗಟ್ಟಿಯಾಗಿ ಕುಗ್ಗಿದಾಗ. ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ಸೀಮೆಯ ಒಣಹವೆಯಲ್ಲಿ ಕುಗ್ಗಿ, ಮಳೆಗಾಲದಲ್ಲಿ ಹಿಗ್ಗುವ ಕಟ್ಟಿಗೆ ಆ ಬಿರುಕುಗಳನ್ನು ಇನ್ನಷ್ಟು ಅಗಲ ಮಾಡುತ್ತದೆ. ಬಿರುಕಿನ ನೇರ, ಅಡ್ಡ ಗೆರೆಗಳನ್ನು ನೋಡಿಯೇ ಅದು ಬಣ್ಣದಿಂದ ಹುಟ್ಟಿತೋ ಕಟ್ಟಿಗೆಯಿಂದ ಹುಟ್ಟಿತೋ ಎಂದು ನುರಿತ ಕಣ್ಣು ಹೇಳಬಲ್ಲದು, ಏಕೆಂದರೆ ಕಟ್ಟಿಗೆಯ ಬಿರುಕು ನಾರಿನ ದಿಕ್ಕನ್ನು ಬಿಡುವುದಿಲ್ಲ.

ಕೃತಕವಾಗಿ ಹಳೆಯ ನೋಟ ತರುವವರು ಮಾಡುವುದು ಈ ಕಾರಣಗಳನ್ನು ಒಂದೊಂದಾಗಿ ಅನುಕರಿಸುವ ಕೆಲಸ. ಮೊದಲ ಬಣ್ಣ ಒಣಗಿದ ಮೇಲೆ ಕೈ ತಾಗುವ ಅಂಚುಗಳಿಗೆ ಮೇಣದಬತ್ತಿಯನ್ನು ಉಜ್ಜಿ, ಅದರ ಮೇಲೆ ಎರಡನೆಯ ಬಣ್ಣ ಬಳಿದರೆ, ಮೇಣವಿದ್ದಲ್ಲಿ ಅದು ಹಿಡಿಯುವುದಿಲ್ಲ. ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿದರೆ ಕೆಳಗಿನ ಬಣ್ಣ ಇಣುಕುತ್ತದೆ. ಬಿರುಕು ಬೇಕಾದಲ್ಲಿ ಎರಡು ಬಣ್ಣಗಳ ನಡುವೆ ಅಂಟಿನ ಪದರನ್ನು ಕೊಡುತ್ತಾರೆ. ಜಾಲಿಯ ಜಾತಿಯ ಮರಗಳ ಗೋಂದು ಈ ಕೆಲಸಕ್ಕೆ ಬಹಳ ಹಿಂದಿನಿಂದ ಬಳಕೆಯಲ್ಲಿದೆ, ಏಕೆಂದರೆ ಮೇಲೆ ಬಳಿದ ನೀರುಬಣ್ಣದ ತೇವಕ್ಕೆ ಅದು ಮತ್ತೆ ಕರಗಿ ಸರಿದಾಡಿ ಮೇಲಿನ ಪದರನ್ನು ಸೀಳುತ್ತದೆ. ಹೊಗೆಯ ಬಣ್ಣಕ್ಕೆ ಕಂದು ಮೇಣ ಬದಲಿಯಾಗುತ್ತದೆ. ಅದನ್ನು ಗುಳಿಗಳಲ್ಲಿ ಬಿಟ್ಟು ಉಬ್ಬುಗಳಿಂದ ಒರೆಸಿ ತೆಗೆಯುತ್ತಾರೆ. ಪಶ್ಚಿಮದಲ್ಲಿ ಈ ರುಚಿ ಮಾರುಕಟ್ಟೆಯಾಗಿ ಬೆಳೆದದ್ದು ಈಚೆಗೆ: ರೇಚಲ್ ಆ್ಯಶ್‌ವೆಲ್ 1989ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ‘ಶ್ಯಾಬಿ ಶಿಕ್’ ಅಂಗಡಿ ತೆರೆದರು, ಇಂಗ್ಲೆಂಡಿನ ಆ್ಯನಿ ಸ್ಲೋನ್ 1990ರಲ್ಲಿ ಸೀಮೆಸುಣ್ಣದಂಥ ಮಂದ ನೋಟದ ‘ಚಾಕ್ ಪೇಂಟ್’ ಅನ್ನು ಹೊರತಂದರು. ಆ ಮಂದ ನೋಟಕ್ಕೆ ಬೇಕಾದ ಗುಣ, ಅಂದರೆ ಬಣ್ಣದ ಪುಡಿ ಹೆಚ್ಚು, ಹೊಳಪಿನ ಬಂಧಕ ಕಡಿಮೆ ಎಂಬುದು, ಸುಣ್ಣ ಹುರಮಂಜುಗಳಲ್ಲಿ ಮೊದಲಿನಿಂದಲೂ ಇದೆ. ಬಾಗಲಕೋಟೆಯ ಮಂದಿಗೆ ಅದನ್ನು ದುಬಾರಿ ಡಬ್ಬಿಯಲ್ಲಿ ಕೊಳ್ಳುವ ಅಗತ್ಯವೇ ಇರಲಿಲ್ಲವೆಂದು ಧಾರಾಳವಾಗಿ ಹೇಳಬಹುದು. ಅನುಕರಣೆ ಸೋಲುವುದು ಸಾಮಾನ್ಯವಾಗಿ ಒಂದೇ ಕಡೆ: ಸವೆತವನ್ನು ಎಲ್ಲ ಅಂಚುಗಳಿಗೂ ಸಮನಾಗಿ ಹಂಚಿದಾಗ. ನಿಜವಾದ ಕಪಾಟು ಕೈ ತಾಗಿದಲ್ಲಿ ಮಾತ್ರ ಸವೆಯುತ್ತದೆ, ಕೈ ತಾಗದ ಮೇಲ್ತುದಿಯಲ್ಲಿ ಬಣ್ಣ ಗಟ್ಟಿಯಾಗಿ ಉಳಿಯುತ್ತದೆ.

ಬಾಗಲಕೋಟೆಯ ಕಟ್ಟಿಗೆಯ ಚರಿತ್ರೆಯನ್ನು ತುಂಡರಿಸಿದ್ದು ಅಣೆಕಟ್ಟು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಯೋಜನೆ 2005ರಲ್ಲಿ ಪೂರ್ಣಗೊಂಡಿತು, ನೀರನ್ನು 519.60 ಮೀಟರ್ ಮಟ್ಟದವರೆಗೆ ನಿಲ್ಲಿಸಲು ಸುಪ್ರೀಂ ಕೋರ್ಟಿನ 2000ದ ತೀರ್ಪು ಅವಕಾಶ ಕೊಟ್ಟಿತು. ಘಟಪ್ರಭೆಯ ದಂಡೆಯ ಹಳೆಯ ಪಟ್ಟಣದ ಬಹುಭಾಗ ಹಿನ್ನೀರಿನ ಪಾಲಾಗುವುದೆಂದು ಮೊದಲೇ ತಿಳಿದಿದ್ದುದರಿಂದ, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯ ಆಧಾರದ ಮೇಲೆ ಎತ್ತರದ ನೆಲದಲ್ಲಿ ಸೆಕ್ಟರುಗಳ ನವನಗರ ಎದ್ದಿತು. ಹಳೆಯ ಊರಿಗೂ ನವನಗರಕ್ಕೂ ನಡುವೆ, 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವಿದ್ಯಾವರ್ಧಕ ಸಂಘದ ಕಾಲೇಜುಗಳ ನೆಲೆಯಾದ ವಿದ್ಯಾಗಿರಿ, 1963ರಲ್ಲಿ ಅಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದಾಗಿನಿಂದಲೂ ಬೆಳೆಯುತ್ತಿದ್ದು, ಮುಳುಗಡೆಯ ನಂತರ ಪಟ್ಟಣದ ಮುಖ್ಯ ವಸತಿಪ್ರದೇಶಗಳಲ್ಲಿ ಒಂದಾಯಿತು. ಮನೆ ಬಿಟ್ಟವರು ಬಿಚ್ಚಬಹುದಾದುದನ್ನು ಬಿಚ್ಚಿಕೊಂಡರು. ಆದರೆ ಮಾಳಿಗೆಮನೆಗೆಂದು ಕಡೆದ ಕಂಬ ಬೋದಿಗೆಗಳಿಗೆ ಕಾಂಕ್ರೀಟಿನ ಮನೆಯಲ್ಲಿ ಕೆಲಸವಿರಲಿಲ್ಲ. ದಪ್ಪ ಗೋಡೆಯಲ್ಲಿ ಹುದುಗಿದ್ದ ಕಪಾಟಿನ ಚೌಕಟ್ಟು ಒಂಬತ್ತಂಗುಲದ ಇಟ್ಟಿಗೆ ಗೋಡೆಗೆ ಹೊಂದಲಿಲ್ಲ. ಗೋಡೆಯಿಂದ ಬಿಡಿಸಿದ ಗೋಡೆಕಪಾಟು ಬರಿಯ ಎರಡು ಕದಗಳಾಗಿ ಉಳಿಯಿತು.

ಅದೇ ದಶಕಗಳಲ್ಲಿ ಅಡುಗೆಮನೆಯ ಒಳಗೂ ಹೊಗೆ ಕಡಿಮೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ‘ಅಸ್ತ್ರ ಒಲೆ’ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಹರಡಿ ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸಿತು. ಆಮೇಲೆ ಗ್ಯಾಸು ಬಂತು, 2016ರ ಉಜ್ವಲಾ ಯೋಜನೆಯಿಂದ ಅದು ಬಡವರ ಮನೆಯನ್ನೂ ಮುಟ್ಟಿತು. ಹೆಂಗಸರ ಕಣ್ಣಿಗೂ ಪುಪ್ಪುಸಕ್ಕೂ ಇದರಿಂದ ಆದ ಉಪಕಾರದ ಮುಂದೆ ಜಂತಿಯ ಬಣ್ಣ ಒಂದು ಲೆಕ್ಕವೇ ಅಲ್ಲ. ಕುಸುಬೆ ಎಣ್ಣೆಯ ಜಾಗಕ್ಕೆ ಪ್ಯಾಕೆಟ್ಟಿನ ಎಣ್ಣೆ ಬಂತು, ನಾಗೊಂದಿಗೆಯ ಜಾಗಕ್ಕೆ ಪ್ಲೈವುಡ್ಡಿನ ಕಪಾಟು, ಅದರ ಮೇಲೆ ಸನ್‌ಮೈಕಾ, ಒಲೆಯ ಕಟ್ಟೆಗೆ ಇಳಕಲ್ಲಿನ ಕೆಂಪು ಗ್ರಾನೈಟಿನಂಥ ಕಲ್ಲು. ಸನ್‌ಮೈಕಾ ಹಳೆಯದಾಗುವುದಿಲ್ಲ, ಅದು ಒಡೆಯುತ್ತದೆ ಅಥವಾ ಅಂಚು ಬಿಡುತ್ತದೆ. ಹಳೆಯ ನೋಟಕ್ಕಾಗಿ ಹಂಬಲ ಹುಟ್ಟಿದ್ದಕ್ಕೆ ಮನೆಯೊಳಗಿನ ವಸ್ತುಗಳು ಹೀಗೆ ಕಾಲದ ಗುರುತನ್ನು ಪಡೆಯಲಾರದಂತಾದದ್ದೇ ದೊಡ್ಡ ಕಾರಣವೆಂದು ತೋರುತ್ತದೆ.

ಕಟ್ಟಿಗೆಯ ಕೆಲಸವನ್ನು ಇಡಿಯಾಗಿ ಉಳಿಸಿದ ಉದಾಹರಣೆ ಈ ಜಿಲ್ಲೆಯ ಹೊರಗೆ ಸಿಗುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಇದೇ ಜಿಲ್ಲೆಯ ಮುಧೋಳದ ಅರಮನೆಯ ದರ್ಬಾರು ಸಭಾಂಗಣವೂ ಕುಕನೂರಿನ ಕಮಲ ಮಹಲೂ ಬಿಚ್ಚಿ ಸಾಗಿಸಲ್ಪಟ್ಟು ಮತ್ತೆ ಕೂಡಿಸಲ್ಪಟ್ಟಿವೆ. ಸಾಮಾನ್ಯರ ಅಡುಗೆಮನೆಯ ಕಪಾಟಿಗೆ ಅಂಥ ಭಾಗ್ಯ ಬಂದಿಲ್ಲ. ಕೈ ಬದಲಾದ ಹಳೆಯ ಬಾಗಿಲು ಕಪಾಟುಗಳಿಗೆ ಕಾದಿರುವ ಮೊದಲ ಅಪಾಯವೆಂದರೆ, ಕೊಂಡವರು ಅವನ್ನು ಉಜ್ಜಿ, ಕ್ಷಾರ ಹಾಕಿ, ಬರಿಗಟ್ಟಿಗೆ ಕಾಣುವವರೆಗೆ ಕೆರೆದು, ಆಮೇಲೆ ಅದೇ ಕಟ್ಟಿಗೆಗೆ ಕೃತಕವಾದ ಹಳೆಯ ಬಣ್ಣ ಕೊಡಿಸುವುದು. ಇದು ನೋವಿನ ಸಂಗತಿ ಮಾತ್ರವಲ್ಲ, ಅಪಾಯಕಾರಿಯೂ ಹೌದು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸುವ ಕೇಂದ್ರ ಸರಕಾರದ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಹಳದಿ, ಹಸಿರು, ಬಿಳಿ ಎಣ್ಣೆಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚಾದುದರಿಂದ, ಒಣದಾಗಿ ಉಜ್ಜಿದಾಗ ಏಳುವ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಕೇಡು. ಸಂರಕ್ಷಣಾ ತಜ್ಞರು ಇದಕ್ಕೆ ಬೇರೆ ಹಾದಿ ಹಿಡಿಯುತ್ತಾರೆ. ಕದದ ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗವನ್ನು ಒದ್ದೆ ಮಾಡಿ, ಚಿಕ್ಕ ಚೂಪಾದ ಅಲಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ಒಂದೊಂದೇ ಪದರನ್ನು ತೆರೆದು, ಪ್ರತಿ ಮೆಟ್ಟಿಲಿನ ಬಣ್ಣವನ್ನು ಬರೆದುಕೊಂಡು, ಚಿತ್ರ ತೆಗೆದಿಡುತ್ತಾರೆ. ಉಳಿದ ಮೈಯನ್ನು ಮೆತ್ತಗಿನ ಸಾಬೂನಿನ ನೀರಿನಲ್ಲಿ ಒರೆಸಿ, ಸಡಿಲವಾದ ಹಕ್ಕಳೆಗಳನ್ನು ಅಂಟಿಸಿ, ತೆಳುವಾದ ಮೇಣದ ರಕ್ಷೆ ಕೊಡುತ್ತಾರೆ. ಬಡಗಿ ಕೆಲಸ ಬಲ್ಲ ಯಾವ ಮನೆಯವರಿಗೂ ಇದು ಅಸಾಧ್ಯವಲ್ಲ.

ಈ ಕೆಲಸಕ್ಕೆ ಸಮಯದ ಮಿತಿಯೂ ಇದೆ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿದೆ. ಆ ಮಟ್ಟಕ್ಕೆ ನೀರು ನಿಲ್ಲಿಸಿದಾಗ ಘಟಪ್ರಭೆಯ ದಂಡೆಯಲ್ಲಿ ಇನ್ನೂ ಉಳಿದಿರುವ ಹಳೆಯ ಬಾಗಲಕೋಟೆಯ ಕೇರಿಗಳೂ ನದಿಯ ಹಾದಿಯುದ್ದಕ್ಕೂ ಇರುವ ಹಳ್ಳಿಗಳೂ ತೆರವಾಗಬೇಕಾಗುತ್ತದೆ. ಆ ಮನೆಗಳ ಅಳತೆ, ನೆಲದ ಬೆಲೆ, ಮರಗಳ ಎಣಿಕೆ ಪರಿಹಾರದ ಕಡತಗಳಲ್ಲಿ ದಾಖಲಾಗುತ್ತವೆ. ಜಂತಿಯ ಹೊಗೆ, ಹೊಸ್ತಿಲ ಅರಿಸಿನ, ಕಪಾಟಿನ ಕದದ ಹಸಿರಿನ ಕೆಳಗಿನ ನೀಲಿ, ನೀಲಿಯ ಕೆಳಗಿನ ಹುರಮಂಜು ಇವುಗಳಿಗೆ ಆ ಕಡತದಲ್ಲಿ ಕಾಲಮ್ಮಿಲ್ಲ. ವಿದ್ಯಾಗಿರಿಯ ಎಂಜಿನಿಯರಿಂಗ್ ಮತ್ತು ಕಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಮನೆಗಳು ನಡೆದು ಹೋಗುವಷ್ಟು ಹತ್ತಿರದಲ್ಲಿದ್ದು, ಒಂದೊಂದು ಕೇರಿಯನ್ನು ಒಂದೊಂದು ತಂಡ ವಹಿಸಿಕೊಂಡು ಮನೆ ಮನೆಯ ಕಟ್ಟಿಗೆಯ ಅಳತೆಯನ್ನೂ ಪದರುಗಳ ಕ್ರಮವನ್ನೂ ಬರೆದು, ಕೊನೆಯ ಬಣ್ಣ ಯಾವ ಹಬ್ಬಕ್ಕೆ, ಯಾರ ಮದುವೆಗೆ ಬಳಿದದ್ದೆಂಬುದನ್ನು ಆ ಮನೆಯ ಹಿರಿಯರಿಂದಲೇ ಕೇಳಿ ಅದರ ಪಕ್ಕದಲ್ಲಿ ಬರೆದಿಡಲು ಇನ್ನೂ ಅವಕಾಶವಿದೆ.